ಮೂತ್ರದ ಪೈಪ್‌ನಿಂದ ಅಪ್ಪನಿಗೆ ಇನ್ಫೆಕ್ಷನ್ ಆಯಿತು, ಮುಂದಿನ ತಿಂಗಳು ಅಮ್ಮನ ಆಪರೇಷನ್ ಇದೆ. ನಾವು ಏನು ನೋಡಿಕೊಳ್ಳಬೇಕು?

ಮೂಡಿಗೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಫೆಬ್ರವರಿಯಲ್ಲಿ ಮೆಣಸು ಕೊಯ್ಯುವಾಗ ಅಪ್ಪ ಏಣಿಯಿಂದ ಬಿದ್ದರು. 68 ವರ್ಷ. ಆಳು ಸಿಗಲಿಲ್ಲ ಅಂತ ತಾವೇ ಹತ್ತಿದ್ದು, ಬೇಡ ಅಂದರೆ ಕೇಳುವ ಜನ ಅಲ್ಲ. ಎಡಗಡೆ ಸೊಂಟದ ಹತ್ತಿರ ಮೂಳೆ ಮುರಿಯಿತು. ಹಾಸನದ ಒಂದು ಪ್ರೈವೇಟ್ ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಆಸ್ಪತ್ರೆ ಹೆಸರು ಬೇಡ, ಆಪರೇಷನ್ ಚೆನ್ನಾಗಿಯೇ ಮಾಡಿದರು.

ಆಪರೇಷನ್‌ಗೆ ಮುಂಚೆ ಮೂತ್ರಕ್ಕೆ ಪೈಪ್ ಹಾಕಿದರು. ಆಪರೇಷನ್ ಆದ ಎರಡನೇ ದಿನವೇ ಫಿಸಿಯೋಥೆರಪಿಯವರು ಬಂದು ವಾಕರ್ ಕೊಟ್ಟು ನಿಲ್ಲಿಸಿದರು, ಆದರೆ ಪೈಪ್ ಹಾಗೇ ಇತ್ತು. ನಾವೂ ಕೇಳಲಿಲ್ಲ. ನಿಜ ಹೇಳಬೇಕು ಅಂದರೆ ನಮಗೂ ಅನುಕೂಲವೇ ಆಗಿತ್ತು, ರಾತ್ರಿ ಎದ್ದು ಪಾಟ್ ಹಿಡಿಯುವ ಕೆಲಸ ಇರಲಿಲ್ಲ. ಆರನೇ ದಿನ ರಾತ್ರಿ ನಡುಕ ಶುರುವಾಯಿತು. ಎರಡು ಕಂಬಳಿ ಹೊದಿಸಿದರೂ ಮಂಚವೇ ಅಲ್ಲಾಡುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ಏನೇನೋ ಮಾತು. ಹತ್ತು ವರ್ಷದ ಹಿಂದೆ ಸತ್ತ ನಮ್ಮ ನಾಯಿಯನ್ನು ಕಟ್ಟಿಹಾಕು, ಕಟ್ಟಿಹಾಕು ಅನ್ನುತ್ತಿದ್ದರು. ಮೂತ್ರದ ಕಲ್ಚರ್‌ನಲ್ಲಿ, ಅಂದರೆ ಕ್ರಿಮಿ ಬೆಳೆಸಿ ನೋಡುವ ಟೆಸ್ಟ್‌ನಲ್ಲಿ, ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬಂತು. ಪೈಪ್ ತೆಗೆದು, ಏಳು ದಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಈಗ ಆರಾಮಾಗಿದ್ದಾರೆ.

ಈಗ ಅಮ್ಮನ ಸರದಿ. ಮುಂದಿನ ತಿಂಗಳು ಚಿಕ್ಕಮಗಳೂರಿನಲ್ಲಿ ಮಂಡಿ ಬದಲಾಯಿಸುವ ಆಪರೇಷನ್ ಇದೆ. ಅವರಿಗೆ ಶುಗರ್ ಬೇರೆ. ಪೈಪ್ ಹಾಕೇ ಹಾಕುತ್ತಾರಂತೆ. ಅಪ್ಪನಿಗೆ ಆದದ್ದು ಇವರಿಗೂ ಆಗದ ಹಾಗೆ ಮನೆಯವರಾಗಿ ನಾವು ಏನು ಮಾಡಬಹುದು? ನಮ್ಮಣ್ಣ ಹೇಳುತ್ತಾನೆ, ಮೊದಲೇ ಆಂಟಿಬಯೋಟಿಕ್ ಶುರು ಮಾಡಿಸಿಬಿಡೋಣ ಅಂತ. ನಮ್ಮತ್ತೆ ಹೇಳುತ್ತಾರೆ, ದಿನಾ ಡೆಟಾಲ್ ನೀರಿನಲ್ಲಿ ಒರೆಸಬೇಕು ಅಂತ. ಯಾವುದು ಸರಿ?

ಬೇಲೂರು_ಭಾವ

ಬಾರ್ಲಿ ನೀರು ಕುಡಿಸಿ ಬ್ರದರ್. ಬೆಳಿಗ್ಗೆ ಒಂದು ಎಳನೀರು. ನಮ್ಮ ಮಾವನಿಗೆ ಎರಡು ವಾರ ಪೈಪ್ ಇತ್ತು, ಏನೂ ಆಗಲಿಲ್ಲ. ಇಂಗ್ಲಿಷ್ ಔಷಧಿ ಎಲ್ಲ ಹೀಟು.

ನೈಟ್_ಡ್ಯೂಟಿ_ಅಕ್ಕ

ತಮ್ಮಾ, ನಾನು ಹದಿನೇಳು ವರ್ಷದಿಂದ ಸ್ಟಾಫ್ ನರ್ಸ್, ಅದರಲ್ಲಿ ಆರು ವರ್ಷ ಐಸಿಯು. ಈಗ ಡ್ಯೂಟಿ ಮುಗಿಸಿ ಕೂತಿದ್ದೇನೆ, ನಿದ್ದೆ ಬರುವವರೆಗೆ ಬರೆಯುತ್ತೇನೆ.

ನೀನು ಬರೆದದ್ದರಲ್ಲೇ ಉತ್ತರ ಇದೆ. ಎರಡನೇ ದಿನ ನಿಂತವರಿಗೆ ಆರನೇ ದಿನ ಪೈಪ್ ಯಾಕೆ ಇತ್ತು? ಇದೊಂದು ಪ್ರಶ್ನೆಯನ್ನು ಅಮ್ಮನ ವಿಷಯದಲ್ಲಿ ದಿನಾ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆದ ಹಾಗೆ. ಪೈಪ್ ಇರುವ ಪ್ರತಿ ದಿನಕ್ಕೂ ನೂರು ಜನರಲ್ಲಿ 3ರಿಂದ 7 ಜನರ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಒಂದು ತಿಂಗಳು ಇಟ್ಟರೆ ಹೆಚ್ಚುಕಡಿಮೆ ಎಲ್ಲರಿಗೂ ಸೇರಿರುತ್ತದೆ, ಎಷ್ಟೇ ಚೊಕ್ಕಟ ಮಾಡಿದರೂ. ಸೇರಿದವರಿಗೆಲ್ಲ ಜ್ವರ ಬರುವುದಿಲ್ಲ, ಅದು ಬೇರೆ ಮಾತು. ಮಂಡಿ ಆಪರೇಷನ್‌ನವರಿಗೆ ಸಾಮಾನ್ಯವಾಗಿ ಆಪರೇಷನ್ ಆದ 24 ಗಂಟೆ ಒಳಗೆ ತೆಗೆಯಬಹುದು, ಬೇರೆ ಕಾರಣ ಇಲ್ಲದಿದ್ದರೆ.

ಯಾಕೆ ಸೇರಿಕೊಳ್ಳುತ್ತೆ ಅಂತ ಗೊತ್ತಾದರೆ ಏನು ಮಾಡಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ. ಮಾಮೂಲಿಯಾಗಿ ಮೂತ್ರ ಹೊಯ್ಯುವಾಗ ದಾರಿಯಲ್ಲಿರುವ ಕ್ರಿಮಿ ತೊಳೆದುಹೋಗುತ್ತದೆ. ಪೈಪ್ ಹಾಕಿದರೆ ಆ ತೊಳೆಯುವ ಕೆಲಸ ನಿಂತುಹೋಯಿತು. ಪೈಪ್‌ನ ಹೊರಮೈ ಹಿಡಿದುಕೊಂಡು ಕ್ರಿಮಿ ಒಳಗೆ ಏರುತ್ತದೆ, ಬ್ಯಾಗ್ ಕಡೆಯಿಂದ ಪೈಪ್‌ನ ಒಳಗೂ ಏರುತ್ತದೆ. ನೀವು ಮಲೆನಾಡಿನವರು, ಮಳೆಗಾಲದಲ್ಲಿ ಅಂಗಳದ ಕಲ್ಲು ನೋಡಿದ್ದೀರಲ್ಲ, ಜಾರುವ ಪಾಚಿ? ಅಂಥದ್ದೇ ಒಂದು ಲೋಳೆ ಪದರ ಪೈಪ್ ಮೇಲೆ ಕಟ್ಟಿಕೊಳ್ಳುತ್ತದೆ. ಅದರೊಳಗೆ ಕೂತ ಕ್ರಿಮಿಗೆ ಔಷಧಿ ಸರಿಯಾಗಿ ತಾಗುವುದೇ ಇಲ್ಲ. ಅದಕ್ಕೇ ಅಪ್ಪನಿಗೆ ಇಂಜೆಕ್ಷನ್ ಜೊತೆ ಪೈಪ್ ಕೂಡ ತೆಗೆದದ್ದು.

ಈಗ ಬ್ಯಾಗ್ ವಿಷಯ. ನನ್ನ ತಲೆ ಕೆಡಿಸುವುದು ಇದೇ. ಬ್ಯಾಗ್ ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲ ಮುಟ್ಟಬಾರದು. ವಾರ್ಡ್‌ನಲ್ಲಿ ಎಲ್ಲರೂ ಸರಿಯಾಗಿಯೇ ಇಡುತ್ತಾರೆ, ಎಡವುವುದು ಪೇಷೆಂಟನ್ನು ಶಿಫ್ಟ್ ಮಾಡುವಾಗ. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ವಾರ್ಡ್ ಬಾಯ್ ಬ್ಯಾಗ್ ಎತ್ತಿ ಪೇಷೆಂಟ್ ಹೊಟ್ಟೆ ಮೇಲೆ ಇಟ್ಟುಬಿಡುತ್ತಾನೆ, ಕೈ ಖಾಲಿ ಇರಲಿ ಅಂತ. ಬ್ಯಾಗ್‌ನಲ್ಲಿ ನಾಲ್ಕು ಗಂಟೆಯಿಂದ ನಿಂತ ಮೂತ್ರ ಇರುತ್ತೆ, ಅದು ವಾಪಸ್ ಒಳಗೆ ಹರಿಯಿತು ಅಂದುಕೋ. ವಾಪಸ್ ಹರಿಯದ ವಾಲ್ವ್ ಇರುವ ಬ್ಯಾಗ್ ಇದೆ, ಆದರೂ ಅದನ್ನು ನಂಬಿ ಎತ್ತಿ ಇಡಬಾರದು. ಶಿಫ್ಟ್ ಮಾಡುವ ಮುಂಚೆ ಬ್ಯಾಗ್ ಖಾಲಿ ಮಾಡಿಸು. ಆಂಬುಲೆನ್ಸ್‌ನಲ್ಲೂ ಇದೇ ಮಾತು.

ಕೆಲವು ಮಂಚಕ್ಕೆ ಬ್ಯಾಗ್ ತೂಗುಹಾಕಲು ಕೊಕ್ಕೆಯೇ ಇರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಸ್ ಆಕಾರದ ಕೊಕ್ಕೆ ಸಿಗುತ್ತದೆ, ಒಂದು ತಂದಿಟ್ಟುಕೋ. ನಗಬೇಡ, ನಿಜವಾಗಿ ಹೇಳುತ್ತಿದ್ದೇನೆ. ಮಂಚದ ಪಕ್ಕದ ಕಂಬಿಗೆ ಹಾಕಬೇಡ, ಅದನ್ನು ಮೇಲೆ ಎತ್ತಿದಾಗ ಬ್ಯಾಗ್ ಕೂಡ ಮೇಲೆ ಹೋಗುತ್ತದೆ. ಕೆಳಗಿನ ಫ್ರೇಮ್‌ಗೆ ಹಾಕು.

ಟ್ಯೂಬ್ ತೊಡೆ ಕೆಳಗೆ ಸಿಕ್ಕಿ ಮಡಚಿಕೊಂಡಿದೆಯಾ ನೋಡುತ್ತಿರು. ಹೊಟ್ಟೆ ಉಬ್ಬರಿಸಿದೆ, ಉರಿ ಅಂತ ಪೇಷೆಂಟ್ ಒದ್ದಾಡುತ್ತಿರುತ್ತಾರೆ, ನಾವು ಹೋಗಿ ಕಾಲು ಸರಿಸಿದರೆ ಅರ್ಧ ಲೀಟರ್ ಸರ್ರನೆ ಬರುತ್ತದೆ. ಪೈಪನ್ನು ತೊಡೆಗೆ ಪ್ಲಾಸ್ಟರ್ ಹಾಕಿ ಕೂರಿಸಿರಬೇಕು, ಜಗ್ಗಿದರೆ ಒಳಗೆ ಗಾಯ ಆಗುತ್ತದೆ, ಗಾಯ ಆದರೆ ಕ್ರಿಮಿಗೆ ಬಾಗಿಲು ತೆರೆದ ಹಾಗೆ.

ಬ್ಯಾಗ್ ಮೂರನೇ ಎರಡು ಭಾಗ ತುಂಬುವಷ್ಟರಲ್ಲಿ ಖಾಲಿ ಮಾಡಬೇಕು. ಖಾಲಿ ಮಾಡುವ ಜಗ್ ಒಬ್ಬೊಬ್ಬರಿಗೆ ಬೇರೆ ಬೇರೆ ಇರಬೇಕು, ಬ್ಯಾಗ್‌ನ ನಲ್ಲಿ ಜಗ್‌ಗೆ ತಾಗಬಾರದು. ಆಯಾ ಒಬ್ಬರೇ ಒಂದೇ ಜಗ್, ಒಂದೇ ಗ್ಲೌಸ್‌ನಲ್ಲಿ ಆರು ಮಂಚ ಸುತ್ತಿಕೊಂಡು ಬರುವುದನ್ನು ನಾನೇ ಕಣ್ಣಾರೆ ನೋಡಿ ಜಗಳ ಆಡಿದ್ದೇನೆ. ನೀನು ಜಗಳ ಆಡಬೇಡ. ಮನೆಯಿಂದ ಒಂದು ಮಗ್ ತೆಗೆದುಕೊಂಡು ಹೋಗಿ, ಇದರಲ್ಲಿ ಹಿಡಿಯಿರಿ ಅಂತ ಹೇಳು. ಮುಟ್ಟುವ ಮುಂಚೆ ಮತ್ತು ಆದ ಮೇಲೆ ಕೈ ತೊಳೆಯಬೇಕು. ಗ್ಲೌಸ್ ಹಾಕಿದರೂ ತೊಳೆಯಬೇಕು.

ಇನ್ನೊಂದು, ಪೈಪ್ ಮತ್ತು ಬ್ಯಾಗ್ ಸೇರುವ ಜಾಗವನ್ನು ಯಾರೂ ಬಿಚ್ಚಬಾರದು. ಸ್ನಾನಕ್ಕೆ, ನೈಟಿ ಬದಲಾಯಿಸುವುದಕ್ಕೆ ಅಂತ ಬಿಚ್ಚಿ ಮತ್ತೆ ಸಿಕ್ಕಿಸುವುದು ತಪ್ಪು. ಬ್ಯಾಗನ್ನೇ ನೈಟಿಯ ಒಳಗಿಂದ ತೂರಿಸಿಕೊಂಡು ಹಾಕಬಹುದು. ಕೆಳಗೇ ಹಿಡಿದು ತೂರಿಸು, ಅಷ್ಟೇ.

ಡೆಟಾಲ್ ಬೇಡ. ಸೋಪು, ನೀರು ಸಾಕು, ದಿನಕ್ಕೆ ಒಂದು ಸಲ, ಮಲವಿಸರ್ಜನೆ ಆದ ಮೇಲೆ ಇನ್ನೊಂದು ಸಲ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಗಂಡಸರಾದರೆ ಮುಂದೊಗಲು ಹಿಂದೆ ಸರಿಸಿ ತೊಳೆದು ಮತ್ತೆ ಮುಂದಕ್ಕೆ ತರಬೇಕು, ಇದನ್ನು ಮರೆತರೆ ಅಲ್ಲೇ ಬಿಗಿದುಕೊಂಡು ಊದಿ ಇನ್ನೊಂದು ರಗಳೆ. ಡೆಟಾಲ್ ಹಾಕಿದರೆ ಚರ್ಮ ಸುಡುತ್ತದೆ, ಇನ್ಫೆಕ್ಷನ್ ಏನೂ ಕಮ್ಮಿ ಆಗುವುದಿಲ್ಲ.

ನಿದ್ದೆ ಬಂತು. ಆಂಟಿಬಯೋಟಿಕ್ ವಿಷಯ ಡಾಕ್ಟರ್ ಯಾರಾದರೂ ಹೇಳಲಿ.

ಘಟ್ಟದ_ಡಾಕ್ಟರ್

ಸಿಸ್ಟರ್ ಬರೆದದ್ದಕ್ಕೆ ನನ್ನ ಸಹಿ. ನಿಮ್ಮ ಅಣ್ಣನಿಗೆ ಹೇಳಿ, ಪೈಪ್ ಇದೆ ಅನ್ನುವ ಕಾರಣಕ್ಕೆ ದಿನಾ ಆಂಟಿಬಯೋಟಿಕ್ ಕೊಡುವುದು ಬೇಡ ಅಂತ. ಸುಲಭಕ್ಕೆ ಸಾಯುವ ಕ್ರಿಮಿ ಸಾಯುತ್ತದೆ, ಹಠಮಾರಿ ಕ್ರಿಮಿ ಉಳಿದು ಜಾಗ ಹಿಡಿಯುತ್ತದೆ. ಆಮೇಲೆ ನಿಜವಾಗಿ ಜ್ವರ ಬಂದಾಗ ಕೊಡಲು ಔಷಧಿ ಇರುವುದಿಲ್ಲ. ಮಂಡಿ ಆಪರೇಷನ್‌ಗೆ ಚರ್ಮ ಕೊಯ್ಯುವ ಮುಂಚೆ ಒಂದು ಡೋಸ್ ಕೊಡುತ್ತಾರೆ, ಅದು ಮಂಡಿಗಾಗಿ. ಅದನ್ನು ಇದಕ್ಕೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ಮೂತ್ರ ಮಂದವಾಗಿದೆ, ವಾಸನೆ ಬರುತ್ತಿದೆ, ರಿಪೋರ್ಟ್‌ನಲ್ಲಿ ಬ್ಯಾಕ್ಟೀರಿಯಾ ಇದೆ ಅಂದ ಮಾತ್ರಕ್ಕೆ ಇನ್ಫೆಕ್ಷನ್ ಅಲ್ಲ. ಜ್ವರ, ನಡುಕ, ಕೆಳಹೊಟ್ಟೆ ಅಥವಾ ಪಕ್ಕೆ ನೋವು, ವಯಸ್ಸಾದವರಲ್ಲಿ ದಿಢೀರನೆ ಗೊಂದಲದ ಮಾತು, ಹೀಗೆ ಏನಾದರೂ ಇದ್ದರೆ ಡಾಕ್ಟರ್‌ಗೆ ತಕ್ಷಣ ತೋರಿಸಿ. ಗೊಂದಲ ಒಂದೇ ಇದ್ದರೆ ಬೇರೆ ಕಾರಣವೂ ಇರಬಹುದು, ಉಪ್ಪಿನಂಶ ಇಳಿದಿರಬಹುದು, ನೋವಿನ ಮಾತ್ರೆ ಇರಬಹುದು, ಎಲ್ಲವನ್ನೂ ಮೂತ್ರದ ತಲೆಗೆ ಕಟ್ಟುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಲಕ್ಷಣ ಇಲ್ಲದೆ ಬರೀ ರಿಪೋರ್ಟ್‌ಗೆ ಮಾತ್ರೆ ಕೊಡುವುದು ಗರ್ಭಿಣಿಯರಿಗೆ ಮತ್ತು ಮೂತ್ರದ ದಾರಿಯಲ್ಲೇ ಆಪರೇಷನ್ ಮಾಡಿಸುವವರಿಗೆ. ಮಂಡಿ ಅದರಲ್ಲಿ ಬರುವುದಿಲ್ಲ.

ದಿನಾ ಕೇಳಿ ಅಂದದ್ದು ಯಾಕೆ ಮುಖ್ಯ ಅಂದರೆ, ನಮಗೇ ಮರೆತಿರುತ್ತದೆ. ಅಮೆರಿಕದ ನಾಲ್ಕು ಆಸ್ಪತ್ರೆಗಳಲ್ಲಿ ಡಾಕ್ಟರ್‌ಗಳನ್ನು ನಿಮ್ಮ ಈ ಪೇಷೆಂಟ್‌ಗೆ ಪೈಪ್ ಇದೆಯಾ ಅಂತ ಕೇಳಿದರು. 2000ರಲ್ಲಿ ಪ್ರಕಟವಾದ ಅಧ್ಯಯನ. ನೂರಕ್ಕೆ 28 ಸಲ ಗೊತ್ತೇ ಇರಲಿಲ್ಲ. ದೊಡ್ಡ ಡಾಕ್ಟರ್‌ಗಳಲ್ಲಿ ಅದು 38. ಹೊದಿಕೆ ಹೊದ್ದಿರುತ್ತಾರೆ, ಬ್ಯಾಗ್ ಆಚೆ ಬದಿ ಇರುತ್ತದೆ, ರೌಂಡ್ಸ್ ಮುಗಿದುಹೋಗುತ್ತದೆ. ನಾನೂ ಇದಕ್ಕೆ ಹೊರತಲ್ಲ.

ಬೇಲೂರು_ಭಾವ

ಡಾಕ್ಟ್ರೇ, ಹಾಗಾದರೆ ಬಾರ್ಲಿ ವೇಸ್ಟಾ?

ಘಟ್ಟದ_ಡಾಕ್ಟರ್

ಕುಡಿಯಲಿ, ಬೇಡ ಅನ್ನುವುದಿಲ್ಲ. ನೀರಿನಂಶ ಸಾಕಷ್ಟು ಹೋದರೆ ಪೈಪ್ ಸರಾಗವಾಗಿ ಹರಿಯುತ್ತದೆ. ಆದರೆ ಬಾರ್ಲಿ ಕ್ರಿಮಿ ಕೊಲ್ಲುವುದಿಲ್ಲ. ಹೃದಯ, ಕಿಡ್ನಿ ತೊಂದರೆ ಇದ್ದವರು ಎಷ್ಟು ನೀರು ಕುಡಿಯಬೇಕು ಅಂತ ಕೇಳಿ ಕುಡಿಯಬೇಕು. ಕಿಡ್ನಿ ಸೋತವರಿಗೆ ಎಳನೀರು ಅಪಾಯ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ನಿಮ್ಮ ಮಾವನಿಗೆ ಎರಡು ವಾರ ಏನೂ ಆಗಲಿಲ್ಲ ಅಂದರೆ ಅದೃಷ್ಟ, ಬಾರ್ಲಿ ಅಲ್ಲ.

ಅರಸೀಕೆರೆ_ಲ್ಯಾಬ್

ನಾನು ಲ್ಯಾಬ್ ಟೆಕ್ನಿಷಿಯನ್. ನಮ್ಮ ಕಡೆಯ ಗೋಳು ಒಂದು ಹೇಳಿಬಿಡುತ್ತೇನೆ. ಕಲ್ಚರ್‌ಗೆ ಸ್ಯಾಂಪಲ್ ಬರುತ್ತದೆ, ನೋಡಿದರೆ ಬ್ಯಾಗ್‌ನ ಕೆಳಗಿನ ನಲ್ಲಿಯಿಂದ ಹಿಡಿದು ಕಳಿಸಿರುತ್ತಾರೆ. ಆ ಮೂತ್ರ ಗಂಟೆಗಟ್ಟಲೆ ಬೆಚ್ಚಗೆ ಅಲ್ಲಿ ಕೂತಿರುತ್ತದೆ, ಅದರಲ್ಲಿ ಮೂರು ನಾಲ್ಕು ಜಾತಿ ಕ್ರಿಮಿ ಸಂಸಾರ ಹೂಡಿರುತ್ತವೆ. ನಾವು ಬೆಳೆಸಿ ರಿಪೋರ್ಟ್ ಕೊಡುತ್ತೇವೆ, ಅವರು ಅದಕ್ಕೆ ಔಷಧಿ ಕೊಡುತ್ತಾರೆ, ಒಳಗಿರುವ ಕ್ರಿಮಿಯೇ ಬೇರೆ ಇರಬಹುದು. ಟ್ಯೂಬ್‌ನಲ್ಲಿ ಸ್ಯಾಂಪಲ್ ತೆಗೆಯಲು ಒಂದು ಜಾಗ ಇರುತ್ತದೆ. ಅದನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಸಿರಿಂಜ್‌ನಲ್ಲಿ ಎಳೆಯಬೇಕು. ಪೈಪ್ ಹಾಕಿ ಎರಡು ವಾರ ದಾಟಿದ್ದರೆ ಹಳೆಯದನ್ನು ತೆಗೆದು, ಇನ್ನೂ ಪೈಪ್ ಬೇಕಿದ್ದರೆ ಹೊಸದು ಹಾಕಿ, ಅದರಿಂದ ತೆಗೆಯಬೇಕು. ಹಳೇ ಪೈಪ್‌ನ ಲೋಳೆಯ ಕ್ರಿಮಿ ಲೆಕ್ಕಕ್ಕೆ ಬರಬಾರದಲ್ಲ. ತೆಗೆದ ಮೇಲೆ ಬೇಗ ಲ್ಯಾಬ್‌ಗೆ ಕಳಿಸಿ, ತಡ ಆಗುತ್ತೆ ಅಂದರೆ ಫ್ರಿಜ್‌ನಲ್ಲಿಡಿ. ಮಧ್ಯಾಹ್ನ ಊಟ ಮುಗಿಸಿಕೊಂಡು ತರುವ ಸ್ಯಾಂಪಲ್‌ಗೆ ನಾನು ಏನು ಬರೆದರೂ ಸುಳ್ಳೇ.

ಆಲ್ದೂರು_ಸೊಸೆ

ನಮ್ಮ ಮಾವನವರಿಗೆ ಲಕ್ವ ಹೊಡೆದು ಎರಡು ವರ್ಷ ಆಯಿತು. ಮೊದಲು ಆಸ್ಪತ್ರೆಯಿಂದ ಪೈಪ್ ಹಾಕಿಯೇ ಕಳಿಸಿದ್ದರು, ಮಂಚ ಒದ್ದೆ ಆಗುತ್ತೆ ಅನ್ನುವುದೊಂದೇ ಕಾರಣಕ್ಕೆ. ನಾಲ್ಕು ತಿಂಗಳಲ್ಲಿ ಮೂರು ಸಲ ಅಡ್ಮಿಟ್. ಆಮೇಲೆ ಒಬ್ಬ ಡಾಕ್ಟರ್ ಕೇಳಿದರು, ಇವರಿಗೆ ಮೂತ್ರ ಕಟ್ಟುತ್ತಾ ಅಥವಾ ಬರೀ ತಡೆಯಲು ಆಗುವುದಿಲ್ಲವಾ ಅಂತ. ಕಟ್ಟುವುದಿಲ್ಲ ಅಂತ ಗೊತ್ತಾದ ಮೇಲೆ ಪೈಪ್ ತೆಗೆದು ಕಾಂಡಮ್ ಕ್ಯಾತಿಟರ್ ಹಾಕುವುದು ಕಲಿಸಿಕೊಟ್ಟರು. ಹೊರಗಿನಿಂದ ತೊಡಿಸುವುದು, ಒಳಗೆ ಏನೂ ಹೋಗುವುದಿಲ್ಲ. ರಾತ್ರಿ ಅದು, ಹಗಲು ಎರಡೆರಡು ಗಂಟೆಗೆ ಪಾಟ್. ಬಟ್ಟೆ ಒಗೆಯುವುದು ಜಾಸ್ತಿ ಆಯಿತು, ಸುಳ್ಳು ಹೇಳುವುದಿಲ್ಲ. ಮಳೆಗಾಲದಲ್ಲಿ ಒಣಗಿಸುವುದು ನರಕ. ಆದರೆ ಆವತ್ತಿನಿಂದ ಅಡ್ಮಿಟ್ ಮಾಡಿಲ್ಲ. ತುಂಬ ಬಿಗಿ ಹಾಕಬೇಡಿ, ದಿನಾ ಬಿಚ್ಚಿ ಚರ್ಮ ನೋಡಿ.

ಹೆಂಗಸರಿಗೆ ಇದು ಆಗುವುದಿಲ್ಲ. ನಿಮ್ಮ ಅಮ್ಮನಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ ತಂದಿಡಿ, ಬಾಡಿಗೆಗೂ ಸಿಗುತ್ತದೆ. ಮತ್ತೆ, ರಾತ್ರಿ ಜೊತೆಗೆ ಇರುವವರು ನೀವಾ ನಿಮ್ಮ ಹೆಂಡತಿಯಾ? ಪೈಪ್ ತೆಗೆಯಬೇಡಿ ಅಂತ ಮೊದಲು ಹೇಳುವುದು ಡಾಕ್ಟರೂ ಅಲ್ಲ ನರ್ಸೂ ಅಲ್ಲ, ರಾತ್ರಿ ಏಳಬೇಕಾದವರು. ನಾನೇ ಹೇಳಿದ್ದೆ.

ಮೂಡಿಗೆರೆ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ನಾನೇ ಇರುತ್ತೇನೆ ಅಕ್ಕ, ಹಾಗಂತ ತೀರ್ಮಾನ ಮಾಡಿದೆ. ಎರಡು ಡೌಟು. ಪೈಪ್ ತೆಗೆದ ಮೇಲೆ ಮೂತ್ರ ಬರದಿದ್ದರೆ? ಮತ್ತೆ, ಡಾಕ್ಟರ್‌ಗೆ ನಾವು ಹೋಗಿ ತೆಗೆಯಿರಿ ಅಂದರೆ ಕೋಪ ಮಾಡಿಕೊಳ್ಳುವುದಿಲ್ಲವಾ? ಅಪ್ಪನ ಸಲ ಏನೋ ಕೇಳಿದ್ದಕ್ಕೆ ಡಾಕ್ಟರ್ ನೀವಾ ನಾನಾ ಅಂದುಬಿಟ್ಟರು.

ನೈಟ್_ಡ್ಯೂಟಿ_ಅಕ್ಕ

ತೆಗೆಯಿರಿ ಅನ್ನಬೇಡ. "ಸರ್, ಇವತ್ತೂ ಪೈಪ್ ಬೇಕಾ?" ಅಂತ ಕೇಳು. ಅಷ್ಟೇ. ರೌಂಡ್ಸ್‌ಗೆ ಬರುವ ಮುಂಚೆ ಸಿಸ್ಟರ್‌ಗೆ ಒಂದು ಮಾತು ಹೇಳಿಟ್ಟಿರು, ಅವರೇ ನೆನಪು ಮಾಡುತ್ತಾರೆ. ಎನ್‌ಎಬಿಎಚ್ (ಆಸ್ಪತ್ರೆಯ ಗುಣಮಟ್ಟಕ್ಕೆ ಕೊಡುವ ಮಾನ್ಯತೆ) ಇರುವ ಆಸ್ಪತ್ರೆಯಾದರೆ ಸಾವಿರ ಕ್ಯಾತಿಟರ್ ದಿನಕ್ಕೆ, ಅಂದರೆ ಎಲ್ಲ ಪೇಷೆಂಟ್‌ಗಳಿಗೆ ಪೈಪ್ ಇದ್ದ ದಿನಗಳನ್ನು ಕೂಡಿಸಿ ಪ್ರತಿ ಸಾವಿರ ದಿನಕ್ಕೆ, ಎಷ್ಟು ಇನ್ಫೆಕ್ಷನ್ ಆಯಿತು ಅಂತ ಲೆಕ್ಕ ಬರೆದಿಡಬೇಕು. ಪೈಪ್ ಬೇಗ ತೆಗೆದರೆ ಅವರಿಗೂ ಒಳ್ಳೆಯದೇ. ಹಾಕಿದ ತಾರೀಕು, ಟೈಮ್ ಬ್ಯಾಗ್ ಮೇಲೆ ಬರೆಯಲು ಹೇಳು. ಬರೆದದ್ದು ಕಣ್ಣಿಗೆ ಬಿದ್ದರೆ ಯಾರಿಗಾದರೂ ನೆನಪಾಗುತ್ತದೆ.

ತೆಗೆದ ಮೇಲೆ ಆರರಿಂದ ಎಂಟು ಗಂಟೆ ಒಳಗೆ ಬರಬೇಕು. ಮೊದಲ ಸಲ ಸ್ವಲ್ಪ ಉರಿ ಇರಬಹುದು. ಬರದೆ ಹೊಟ್ಟೆ ಗಟ್ಟಿಯಾದರೆ ತಕ್ಷಣ ಹೇಳು. ಸ್ಕ್ಯಾನ್ ಮಾಡಿ ಎಷ್ಟಿದೆ ನೋಡುತ್ತಾರೆ, ಬೇಕಾದರೆ ಒಂದು ಸಲ ಸಣ್ಣ ಪೈಪ್ ಹಾಕಿ ಖಾಲಿ ಮಾಡಿ ತೆಗೆದುಬಿಡುತ್ತಾರೆ. ಇಡೀ ದಿನ ಒಳಗೇ ಬಿಡುವುದಕ್ಕಿಂತ ಅದು ವಾಸಿ. ಮಲಬದ್ಧತೆ ಆಗದ ಹಾಗೆ ನೋಡಿಕೋ, ಹೊಟ್ಟೆ ಕಟ್ಟಿದರೆ ಮೂತ್ರವೂ ಕಟ್ಟುತ್ತದೆ. ಮಲಗಿಕೊಂಡು ಬೆಡ್‌ಪ್ಯಾನ್‌ನಲ್ಲಿ ಬರದವರಿಗೆ ಕೂರಿಸಿದರೆ ಬರುತ್ತದೆ, ಎಷ್ಟೋ ಸಲ ನೋಡಿದ್ದೇನೆ. ನಲ್ಲಿ ಬಿಡು, ನೀರಿನ ಸದ್ದು ಕೇಳಲಿ.

ಮೂಡಿಗೆರೆ_ಹುಡುಗ

ಅಪ್ಡೇಟ್. ಆಪರೇಷನ್ ಆಯಿತು, ನಿನ್ನೆ ಮನೆಗೆ ಬಂದೆವು.

ಬುಧವಾರ ಮಧ್ಯಾಹ್ನ ಆಪರೇಷನ್. ನಾನು ಕೊಕ್ಕೆ, ಮಗ್ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ, ಹೆಂಡತಿ ನಕ್ಕಳು. ಥಿಯೇಟರ್‌ನಿಂದ ಹೊರಗೆ ಬರುವಾಗ ಬ್ಯಾಗ್ ಅಮ್ಮನ ಕಾಲ ಮೇಲೇ ಇತ್ತು! ನಾನು ಏನೂ ಅನ್ನದೆ ತೆಗೆದು ಕೆಳಗೆ ಹಿಡಿದುಕೊಂಡು ಸ್ಟ್ರೆಚರ್ ಜೊತೆ ನಡೆದೆ. ವಾರ್ಡ್ ಬಾಯ್ ಮುಖ ನೋಡಿದ, ಆಮೇಲೆ ಲಿಫ್ಟ್‌ನಲ್ಲಿ ತಾನೇ ಇಸಿದುಕೊಂಡ. ಗುರುವಾರ ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳಿದೆ. "ಹೌದಲ್ಲ, ಇವತ್ತು ತೆಗೆದುಬಿಡಿ ಸಿಸ್ಟರ್" ಅಂದರು. ಕೋಪ ಏನೂ ಇಲ್ಲ. ಹತ್ತೂವರೆಗೆ ತೆಗೆದರು. ಎರಡು ಗಂಟೆ ಆದರೂ ಬರಲಿಲ್ಲ, ನನಗೆ ಪುಕಪುಕ. ಕಮೋಡ್ ಕುರ್ಚಿ ಮೇಲೆ ಕೂರಿಸಿ ಬಾತ್‌ರೂಮಿನ ನಲ್ಲಿಯಲ್ಲಿ ನೀರು ಬಿಟ್ಟು ನಾನು ಹೊರಗೆ ನಿಂತೆ. ನೀರು ವೇಸ್ಟ್ ಆಗುತ್ತೆ, ನಲ್ಲಿ ನಿಲ್ಲಿಸೋ ಅಂತ ಒಳಗಿಂದ ಬೈದರು, ಆಮೇಲೆ ಬಂತು.

ರಾತ್ರಿ ನಾಲ್ಕು ಸಲ ಎಬ್ಬಿಸಿದರು. ಜ್ವರ ಇಲ್ಲ. ಅಪ್ಪನ ಯೂರಿನ್ ಕೂಡ ಒಂದು ಸಲ ಚೆಕ್ ಮಾಡಿಸೋಣ ಅಂತ ಅಣ್ಣ ಹೇಳಿದ, ಜ್ವರ ಇಲ್ಲದೆ ಯಾಕೆ ಅಂತ ನಾನೇ ಬೇಡ ಅಂದೆ. ಸರಿ ತಾನೇ ಡಾಕ್ಟ್ರೇ?

ಕೊಕ್ಕೆ ಒಂದೇ ದಿನಕ್ಕೆ ಕೆಲಸಕ್ಕೆ ಬಂತು. ಆಮೇಲೆ ಅದಕ್ಕೆ ಅಮ್ಮ ಬಾಳೆಹಣ್ಣಿನ ಚೀಲ ತೂಗುಹಾಕಿಕೊಂಡಿದ್ದರು.

ಘಟ್ಟದ_ಡಾಕ್ಟರ್

ಸರಿ. ಅಪ್ಪನನ್ನು ಏಣಿ ಹತ್ತಿಸಬೇಡಿ.